ಗೊತ್ತಿದ್ದೂ ಗೊತ್ತಿಲ್ಲದಂತೆ: ಪತ್ತೇದಾರಿ ಧಾರಾವಾಹಿಯ ಅಭಿನಯ ಮೀಮಾಂಸೆ

ವಿಷಯ, ಸಂಶಯ

ಟೆಲಿವಿಷನ್ನಿನ ಪತ್ತೇದಾರಿ ಧಾರಾವಾಹಿ ನಮ್ಮನ್ನು ಹಿಡಿದು ಕೂರಿಸುವುದು ಯಾವುದರಿಂದ? ಕಥೆಯೊಳಗಿನ ಒಗಟಿನಿಂದಲೋ, ಅದನ್ನು ಬಿಡಿಸುವ ಪಾತ್ರ ಹೊತ್ತ ನಟನಿಂದಲೋ? ಇಂಥ ಧಾರಾವಾಹಿಗಳ ಇಬ್ಬರು ಅಭಿಮಾನಿಗಳು ಸೇರಿದ ಕಡೆ ಈ ಜಗಳ ಒಂದಲ್ಲ ಒಂದು ರೂಪದಲ್ಲಿ ಎದ್ದೇ ಏಳುತ್ತದೆ. ಪ್ವಾರೊ ಎಂದರೆ ಡೇವಿಡ್ ಸೂಶೆ, ಉಳಿದವರೆಲ್ಲ ಮೀಸೆ ಅಂಟಿಸಿಕೊಂಡವರು ಎಂದು ಒಬ್ಬರು ಪಟ್ಟು ಹಿಡಿಯುತ್ತಾರೆ. ಆಗಾಥಾ ಕ್ರಿಸ್ಟಿಯ ಹೆಣಿಗೆ ಗಟ್ಟಿಯಾಗಿದ್ದರೆ ಯಾರು ಮಾಡಿದರೂ ನಡೆಯುತ್ತದೆ ಎಂದು ಇನ್ನೊಬ್ಬರು ಅನ್ನುತ್ತಾರೆ. ನಾನು ನಟರ ಪಕ್ಷದವನು. ಆದರೆ ಪಕ್ಷ ಹಿಡಿದ ಮಾತ್ರಕ್ಕೆ ಮಾತು ನಿಲ್ಲುವುದಿಲ್ಲ. ಎದುರಾಳಿಯ ವಾದವನ್ನು ಮೊದಲು ಪೂರ್ತಿಯಾಗಿ, ಅದರ ಬಲ ಕುಂದದಂತೆ ಹೇಳಿ, ಆಮೇಲೆ ಉತ್ತರ ಕೊಡಬೇಕೆಂಬುದು ನಮ್ಮ ಮೀಮಾಂಸಕರ ಶಿಸ್ತು. ವೇದವಾಕ್ಯಗಳ ನಿರ್ಣಯಕ್ಕೆಂದು ಹುಟ್ಟಿದ ಆ ಕ್ರಮ ಕೊಲೆಯ ಕಥೆಗಳಿಗೂ ಒದಗುತ್ತದೆ ಎಂದೇ ನನ್ನ ನಂಬಿಕೆ. ಎರಡರಲ್ಲೂ ಸಂಶಯದಿಂದ ನಿರ್ಣಯಕ್ಕೆ ಹೆಜ್ಜೆ ತಪ್ಪದೆ ನಡೆಯಬೇಕು.

ವಿಚಾರದ ಎಲ್ಲೆಯನ್ನು ಮೊದಲೇ ಹಾಕಿಬಿಡುತ್ತೇನೆ. ಒಬ್ಬ ಪತ್ತೇದಾರ, ಅಥವಾ ಒಂದು ಠಾಣೆಯ ಅವೇ ಮುಖಗಳು, ಕಂತಿನಿಂದ ಕಂತಿಗೆ ಮರಳಿ ಬರುವ ಧಾರಾವಾಹಿಗಳಷ್ಟೇ ಇಲ್ಲಿನ ವಿಷಯ. ಒಮ್ಮೆ ಬಂದು ಹೋಗುವ ಸಿನಿಮಾ ಬೇರೆ. ನಿಜವಾದ ಪ್ರಕರಣಗಳನ್ನು ಮರುಸೃಷ್ಟಿಸಿ ತೋರಿಸುವ ಕಾರ್ಯಕ್ರಮ ಇನ್ನೂ ಬೇರೆ.

ಪೂರ್ವಪಕ್ಷ

ಒಗಟಿನ ಪಕ್ಷದವರ ವಾದ ಹೀಗಿದೆ. ಪತ್ತೇದಾರಿ ಕಥೆ ಬುದ್ಧಿಯ ಆಟ. 1841ರಲ್ಲಿ ಎಡ್ಗರ್ ಆಲನ್ ಪೋ ಬರೆದ ಕಥೆಯಲ್ಲಿ ದ್ಯುಪಾ ಎಂಬ ಪತ್ತೇದಾರ ಹುಟ್ಟಿದ. ಅವನ ಮುಖ ಹೇಗಿತ್ತೆಂದು ಕೇಳಿದರೆ ಓದಿದವರೂ ತಡವರಿಸುತ್ತಾರೆ. ಅವನ ತರ್ಕ ಮಾತ್ರ ನೆನಪಿನಲ್ಲಿರುತ್ತದೆ. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ಪತ್ತೇದಾರಿ ಕಥೆಗೆ ಹತ್ತು ನಿಯಮಗಳನ್ನು ಬರೆದ. ಅವೆಲ್ಲ ಬರಹಗಾರ ಓದುಗನಿಗೆ ಮೋಸ ಮಾಡದೆ ಆಡಬೇಕೆಂಬ ಕಟ್ಟುಪಾಡುಗಳೇ. ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಹಿಂದೆ ಓಡಿದ ಓದುಗರಿಗೆ ಯಾವ ನಟನೂ ಬೇಕಾಗಲಿಲ್ಲ, ಮುಂದೇನಾಯಿತು ಎಂಬ ತವಕವೇ ಸಾಕಾಯಿತು. ಆದ್ದರಿಂದ ಸುಳಿವು, ತಪ್ಪುದಾರಿ, ಕೊನೆಯ ತಿರುವು ಇವುಗಳಲ್ಲೇ ಈ ಪ್ರಕಾರದ ಜೀವವಿದೆ. ನಟ ಅದನ್ನು ತಲುಪಿಸುವ ವಾಹನ ಮಾತ್ರ. ವಾಹನ ಚೆನ್ನಾಗಿದ್ದರೆ ಸಂತೋಷ, ಆದರೆ ಊರು ಸೇರಿಸುವುದು ದಾರಿಯೇ.

ಇದು ಸುಲಭಕ್ಕೆ ತಳ್ಳಿಹಾಕುವ ವಾದವಲ್ಲ. ಅಚ್ಚಿನ ಪುಸ್ತಕದ ಮಟ್ಟಿಗೆ ಬಹುಪಾಲು ನಿಜವೂ ಹೌದು.

ಸಿದ್ಧಾಂತ

ಒಂದು ವಸ್ತು ಇನ್ನೊಂದಕ್ಕೆ ಕಾರಣ ಹೌದೋ ಅಲ್ಲವೋ ಎಂದು ತಿಳಿಯಲು ಅನ್ವಯ, ವ್ಯತಿರೇಕ ಎಂಬ ಎರಡು ಪರೀಕ್ಷೆಗಳಿವೆ. ಅದು ಇದ್ದರೆ ಇದೂ ಇರುತ್ತದೆಯೇ, ಅದು ಇಲ್ಲದಿದ್ದರೆ ಇದೂ ಇಲ್ಲವಾಗುತ್ತದೆಯೇ ಎಂದು ನೋಡುವುದು. ಒಗಟೇ ಕಾರಣವೆಂದರೆ, ಒಗಟನ್ನು ಕಿತ್ತು ಪಕ್ಕಕ್ಕಿಟ್ಟು ನೋಡೋಣ.

ಆ ಪ್ರಯೋಗವನ್ನು ಅಮೆರಿಕದ 'ಕೊಲಂಬೊ' ಮಾಡಿ ತೋರಿಸಿದೆ. ರಿಚರ್ಡ್ ಲೆವಿನ್ಸನ್ ಮತ್ತು ವಿಲಿಯಂ ಲಿಂಕ್ ಕಟ್ಟಿದ ಈ ಧಾರಾವಾಹಿಯ ಹೆಚ್ಚುಕಡಿಮೆ ಎಲ್ಲ ಕಂತುಗಳಲ್ಲಿ ಕೊಲೆಗಾರ ಯಾರೆಂಬುದು ಆರಂಭದಲ್ಲೇ ಕಾಣುತ್ತದೆ. ಹೇಗೆ ಕೊಂದ, ಏಕೆ ಕೊಂದ, ಸಾಕ್ಷ್ಯವನ್ನು ಎಲ್ಲಿ ಮುಚ್ಚಿಟ್ಟ, ಎಲ್ಲ ನಮ್ಮ ಕಣ್ಣೆದುರೇ ನಡೆಯುತ್ತದೆ. ಆಮೇಲೆ ಮುದುಡಿದ ಮಳೆಕೋಟು ತೊಟ್ಟ, ಹಳೆಯ ಪೂಜೋ 403 ಕಾರು ಓಡಿಸುವ ಲೆಫ್ಟಿನೆಂಟ್ ಕೊಲಂಬೊ ಬರುತ್ತಾನೆ, ಪೀಟರ್ ಫಾಕ್ ಅವರ ರೂಪದಲ್ಲಿ. 1968ರ ಮೊದಲ ಟೆಲಿಚಿತ್ರದಿಂದ 2003ರವರೆಗೆ, ನಡುವೆ ಹತ್ತು ವರ್ಷಕ್ಕೂ ಹೆಚ್ಚಿನ ಬಿಡುವು ಕೊಟ್ಟು, ಒಟ್ಟು 69 ಕಂತುಗಳು ಬಂದವು. ಯಾರು ಮಾಡಿದರೆಂಬ ಒಗಟು ಇವುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ರಸ ಮಾತ್ರ ತುಂಬಿ ತುಳುಕುತ್ತದೆ. ತಾಳಮದ್ದಳೆಗೆ ಹೋಗಿ ಕೂರುವವನಿಗೆ ಕೃಷ್ಣಸಂಧಾನದ ಕಥೆ ಗೊತ್ತಿಲ್ಲದೆ ಇರುವುದಿಲ್ಲ. ಇವತ್ತು ಕೌರವನ ಅರ್ಥ ಯಾರು ಹೇಳುತ್ತಾರೆ, ಕೃಷ್ಣನಿಗೆ ಏನೆಂದು ಉತ್ತರ ಕೊಡುತ್ತಾರೆ ಎಂದು ಕೇಳಲು ಹೋಗುತ್ತಾನೆ. ಕೊಲಂಬೊ ನೋಡುವವರದ್ದೂ ಅದೇ ಹಸಿವು.

ಹಾಗಾದರೆ ಆ ನಟ ನಮಗೆ ಕೊಡುವುದೇನನ್ನು? 'ಒಳ್ಳೆಯ ಅಭಿನಯ' ಎಂದರೆ ಉತ್ತರ ಕೊಟ್ಟಂತಾಗುವುದಿಲ್ಲ. ಅದೊಂದು ನಿರ್ದಿಷ್ಟ ಭಾವ, ಮತ್ತು ನಮ್ಮ ನಾಟ್ಯಶಾಸ್ತ್ರ ಅದನ್ನು ಎಂದೋ ಗುರುತಿಸಿ ಮೂವತ್ತಮೂರು ವ್ಯಭಿಚಾರಿಭಾವಗಳ ಸಾಲಿನಲ್ಲಿ ಕೂರಿಸಿದೆ: ಅವಹಿತ್ಥ. ಮನಸ್ಸಿನಲ್ಲಿರುವುದು ಹೊರಗೆ ಕಾಣದಂತೆ ಮರೆಮಾಡುವ ಭಾವ ಅದು. ಕುಮಾರಸಂಭವದ ಆರನೆಯ ಸರ್ಗದಲ್ಲಿ ಅಂಗಿರಸ ಮಹರ್ಷಿ ಹಿಮವಂತನ ಮುಂದೆ ಶಿವನ ಮದುವೆಯ ಮಾತೆತ್ತಿದಾಗ, ತಂದೆಯ ಪಕ್ಕದಲ್ಲಿದ್ದ ಪಾರ್ವತಿ ತಲೆ ತಗ್ಗಿಸಿ ಕೈಯಲ್ಲಿದ್ದ ತಾವರೆಯ ಎಸಳು ಎಣಿಸುತ್ತಾಳೆ. ಶೃಂಗಾರದಲ್ಲಿ ಹೀಗೆ ಬಂದು ಹೋಗುವ ಈ ಭಾವ ಪತ್ತೇದಾರಿ ಧಾರಾವಾಹಿಯಲ್ಲಿ ಬಂದು ಹೋಗುವುದಿಲ್ಲ, ಮನೆಯನ್ನೇ ಕಟ್ಟಿಕೊಳ್ಳುತ್ತದೆ. ಕೊಲೆಗಾರ ತಾನು ಮಾಡಿದ್ದನ್ನು ಮುಚ್ಚಿಡುತ್ತಾನೆ. ಪತ್ತೇದಾರ ತನಗೆ ಗೊತ್ತಾದದ್ದನ್ನು ಮುಚ್ಚಿಡುತ್ತಾನೆ. ಎರಡು ಮರೆಗಳು ಎದುರುಬದುರು ಕೂತು ಚಹಾ ಕುಡಿಯುತ್ತ ಮಾತಾಡುತ್ತವೆ. ಆ ಮರೆಯ ಸಂದಿನಿಂದ ಬೆವರು, ದನಿಯ ಬದಲಾವಣೆ, ಮುಖ ಬಿಳುಚುವುದು ಇಂಥ ಸಾತ್ತ್ವಿಕ ಭಾವಗಳು ಎಷ್ಟು ಸೋರಿದವು, ಸೋರಿದ್ದನ್ನು ಎದುರಿಗಿದ್ದವನು ಕಂಡನೋ ಇಲ್ಲವೋ ಎಂಬುದನ್ನು ಕಣ್ಣು ಕೀಲಿಸಿ ನೋಡುವುದೇ ನಮ್ಮ ಆನಂದ. ಈ ಪ್ರಬಂಧದ ಸಿದ್ಧಾಂತ ಇದೇ: ಪತ್ತೇದಾರಿ ಧಾರಾವಾಹಿಯ ಪ್ರಾಣ ಅವಹಿತ್ಥದ ಅಭಿನಯ. ಒಗಟು ಅದಕ್ಕೆ ನೆಪ ಒದಗಿಸುತ್ತದೆ, ಅಷ್ಟೇ.

ಒಂದು ಕಂತನ್ನು ಹತ್ತಿರದಿಂದ ನೋಡೋಣ. 1973ರ 'ಎ ಸ್ಟಿಚ್ ಇನ್ ಕ್ರೈಮ್'. ಹೃದಯದ ಶಸ್ತ್ರವೈದ್ಯ ಮೇಫೀಲ್ಡ್ ಆಗಿ ಲಿಯೊನಾರ್ಡ್ ನಿಮೊಯ್. ತನ್ನ ಹಿರಿಯ ವೈದ್ಯನ ಎದೆಯಲ್ಲಿ, ಉಳಿಯಬೇಕಾದ ದಾರದ ಬದಲು ಕೆಲವು ದಿನಗಳಲ್ಲಿ ಕರಗಿಹೋಗುವ ದಾರದಿಂದ ಹೊಲಿಗೆ ಹಾಕಿದ್ದಾನೆ. ಅದನ್ನು ಶಂಕಿಸಿದ ನರ್ಸನ್ನು ಕೊಂದಿದ್ದಾನೆ. ನಿಮೊಯ್ ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ಕೊಲಂಬೊ ಎಂದಿನಂತೆ ಪೆನ್ಸಿಲ್ ಹುಡುಕುತ್ತ, ಕ್ಷಮೆ ಕೇಳುತ್ತ ಅಲೆದಾಡುತ್ತಾನೆ. ಆಮೇಲೊಂದು ಘಳಿಗೆಯಲ್ಲಿ ವೈದ್ಯ ನಗುತ್ತಾನೆ. ಆಗ ಪೀಟರ್ ಫಾಕ್ ಮೇಜಿನ ಮೇಲಿನ ನೀರಿನ ಪಾತ್ರೆಯನ್ನು ಎತ್ತಿ ಕುಕ್ಕುತ್ತಾನೆ. ಕುಗ್ಗಿದ್ದ ಭುಜ ನೆಟ್ಟಗಾಗುತ್ತದೆ, ತೊದಲು ನಿಲ್ಲುತ್ತದೆ. ನೀನೇ ಆ ನರ್ಸನ್ನು ಕೊಂದವನು, ನಿನ್ನ ಹಿರಿಯನನ್ನೂ ಕೊಲ್ಲುತ್ತಿದ್ದೀಯ ಎಂದು ನೇರವಾಗಿ ಹೇಳುತ್ತಾನೆ. ಇಷ್ಟು ಹೊತ್ತೂ ಕಂಡ ಪೆದ್ದುತನ ಎಷ್ಟು ದಪ್ಪನೆಯ ಪರದೆಯಾಗಿತ್ತು, ಅದರ ಹಿಂದೆ ಎಂಥ ಕಿಚ್ಚಿತ್ತು ಎಂದು ನಮಗೆ ಆಗ ಗೊತ್ತಾಗುತ್ತದೆ. ಮುಗಿಯುವ ಹೊತ್ತಿಗೆ ಪಾತ್ರಗಳು ಅದಲುಬದಲಾಗುತ್ತವೆ. ಆಪರೇಷನ್ ಥಿಯೇಟರಿನಲ್ಲಿ ಎಂದೂ ಸಿಟ್ಟಾಗದ ವೈದ್ಯ ಸಿಟ್ಟಿಗೆದ್ದು ಕೊಲಂಬೊನನ್ನು ತಳ್ಳುತ್ತಾನೆ. ಹಿರಿಯನ ಎದೆಯಿಂದ ಹೊರತೆಗೆದ ಹೊಲಿಗೆಯ ದಾರ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಸೋತು ಹೊರಟ ಕೊಲಂಬೊ ಮರಳಿ ಬರುತ್ತಾನೆ, ಏಕೆಂದರೆ ಅವನಿಗೆ ಆ ಸಿಟ್ಟು ಹೊಂದಲಿಲ್ಲ. ತಳ್ಳಾಟದ ನೆಪದಲ್ಲಿ ಆ ದಾರವನ್ನು ಕೊಲಂಬೊ ತೊಟ್ಟಿದ್ದ ಉಡುಪಿನ ಜೇಬಿಗೇ ಸೇರಿಸಲಾಗಿತ್ತು. ಇಲ್ಲಿ ಸುಳಿವು ಯಾವುದು? ದಾರವೇ ಸುಳಿವೆಂದರೆ ಅರ್ಧ ಉತ್ತರ. ನಿಜವಾದ ಸುಳಿವು ಒಬ್ಬ ನಟನ ಮುಖದಲ್ಲಿ ಕಾಣಬಾರದ ಹೊತ್ತಿನಲ್ಲಿ ಕಂಡ ಒಂದು ಭಾವ. ಕಥೆಯ ಬೀಗವೂ ಕೀಲಿಯೂ ಅಭಿನಯದಲ್ಲೇ ಇವೆ.

  

ಇನ್ನು ವ್ಯತಿರೇಕ. ಒಗಟು ಅದೇ ಇದ್ದು ನಟ ಬದಲಾದರೆ? ಕ್ರಿಸ್ಟಿಯ ಮಿಸ್ ಮಾರ್ಪಲ್ ಕಾದಂಬರಿಗಳನ್ನು ಬಿಬಿಸಿಯಲ್ಲಿ ಜೋನ್ ಹಿಕ್ಸನ್ ಮಾಡಿದರು. ಆಮೇಲೆ ಐಟಿವಿಯಲ್ಲಿ ಜೆರಾಲ್ಡೀನ್ ಮೆಕ್ಯೂವನ್, ಅವರ ನಂತರ ಜೂಲಿಯಾ ಮೆಕೆಂಜಿ ಮಾಡಿದರು. ಹಿಕ್ಸನ್ ಅವರ ಮಾರ್ಪಲ್ ಹೆಣಿಗೆಯ ಕಡ್ಡಿಗಳಿಂದ ಕಣ್ಣೆತ್ತುವ ಕ್ಷಣದಲ್ಲಿ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ, ಆ ಮೃದು ನೋಟದಲ್ಲಿ ಕ್ಷಮೆಯಿಲ್ಲ. ಮೆಕ್ಯೂವನ್ ಚುರುಕಾಗಿ, ತುಂಟಿಯಾಗಿ ಮಾಡಿದರು. ತನಗೆ ಎಲ್ಲ ಗೊತ್ತೆಂದು ಕಣ್ಣಿನಲ್ಲೇ ಹೇಳಿಬಿಡುತ್ತಾರೆ. ಮರೆ ಇಲ್ಲವಾದಲ್ಲಿ ಆತಂಕವೂ ಇಲ್ಲ. ನಮ್ಮ ದೇಶದ ಉದಾಹರಣೆಯೂ ಇದೆ. ಶರದಿಂದು ಬಂದ್ಯೋಪಾಧ್ಯಾಯರ ಬ್ಯೋಮಕೇಶ್ ಬಕ್ಷಿಯನ್ನು 1967ರಲ್ಲಿ ಸತ್ಯಜಿತ್ ರಾಯ್ ಅವರ 'ಚಿಡಿಯಾಖಾನಾ'ದಲ್ಲಿ ಉತ್ತಮ್ ಕುಮಾರ್ ಮಾಡಿದರು, 2015ರಲ್ಲಿ ದಿಬಾಕರ್ ಬ್ಯಾನರ್ಜಿಯವರ ಚಿತ್ರದಲ್ಲಿ ಸುಶಾಂತ್ ಸಿಂಗ್ ರಾಜ್‌ಪೂತ್ ಮಾಡಿದರು. ಆದರೂ 1993ರಲ್ಲಿ ಬಾಸು ಚಟರ್ಜಿಯವರು ದೂರದರ್ಶನಕ್ಕೆ ಮಾಡಿದ ಧಾರಾವಾಹಿಯ ರಜಿತ್ ಕಪೂರ್ ಅವರ ಮುಖವೇ ಬಂಗಾಳಿ ಬಾರದ ನಮ್ಮಂಥವರಿಗೆ ಬ್ಯೋಮಕೇಶನ ಮುಖವಾಗಿ ಉಳಿಯಿತು. ಆ ಧಾರಾವಾಹಿಯಲ್ಲಿ ಅದ್ದೂರಿಯೆಂಬುದು ಇರಲಿಲ್ಲ. ನಾಲ್ಕು ಕೋಣೆ, ಒಂದು ಬೀದಿ, ಧೋತರ ಉಟ್ಟ ಒಬ್ಬ ಶಾಂತ ಮನುಷ್ಯ. 'ಸತ್ಯಾನ್ವೇಷಿ' ಕಂತಿನಲ್ಲಿ ಬ್ಯೋಮಕೇಶ್ ಬರುವುದೇ ಸುಳ್ಳು ಹೆಸರಿನಲ್ಲಿ, ಕೆಲಸ ಹುಡುಕುವ ಅತುಲ್ ಎಂದು ಹೇಳಿಕೊಂಡು ಕಲ್ಕತ್ತೆಯ ಮೆಸ್ಸಿನಲ್ಲಿ ಅಜಿತನ ಕೋಣೆ ಹಂಚಿಕೊಳ್ಳುತ್ತಾನೆ. ಪತ್ತೇದಾರನ ಪ್ರವೇಶವೇ ಮರೆಯಿಂದ. ರಜಿತ್ ಆ ಬಡ ಅತುಲನನ್ನು ಎಷ್ಟು ಸಹಜವಾಗಿ ಮಾಡುತ್ತಾರೆಂದರೆ, ನಿಜ ಹೆಸರು ಹೊರಬಿದ್ದಾಗ ಅವರು ಬೇರೆ ಮನುಷ್ಯನಾಗುವುದಿಲ್ಲ; ಬೆನ್ನು ತುಸು ನೇರವಾಗುತ್ತದೆ, ಅಷ್ಟೇ.

ಸಿದ್ಧಾಂತಕ್ಕೆ ಇನ್ನೊಂದು ಆಧಾರ ಕಾಲ. ಸಿನಿಮಾದ ನಟ ಎರಡು ಗಂಟೆಯಲ್ಲಿ ಮುಗಿಯುತ್ತಾನೆ. ಧಾರಾವಾಹಿಯ ನಟ ಪಾತ್ರದ ಜೊತೆಗೇ ಮುದುಕನಾಗುತ್ತಾನೆ. ಸೂಶೆ ಪ್ವಾರೊ ಆಗಿದ್ದು 1989ರಿಂದ 2013ರವರೆಗೆ. ಜೆರೆಮಿ ಬ್ರೆಟ್ 1984ರಿಂದ 1994ರವರೆಗೆ ಹೋಮ್ಸ್ ಆಗಿದ್ದರು. ಹೆಂಡತಿಯ ಸಾವು, ಮನೋವ್ಯಾಧಿ, ಹೃದಯದ ಕಾಯಿಲೆ ಎಲ್ಲವನ್ನೂ ಆ ಮುಖ ಹೊತ್ತಿತು, 1995ರಲ್ಲಿ ಅವರು ತೀರಿಕೊಂಡರು. ಕೊನೆಯ ಕಂತುಗಳಲ್ಲಿ ದೇಹ ಊದಿಕೊಂಡ, ಉಸಿರಿಗೆ ಕಷ್ಟಪಡುವ ಹೋಮ್ಸ್‌ನನ್ನು ನೋಡಿ ಕೆಲವರು ಇದು ನಿಲ್ಲಬೇಕಿತ್ತು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ತನ್ನ ಯಾತನೆಯನ್ನು ಬುದ್ಧಿಯ ಹಿಂದೆ ಬಚ್ಚಿಡುವುದೇ ಹೋಮ್ಸ್‌ನ ಸ್ವಭಾವ, ಬ್ರೆಟ್ ಬಚ್ಚಿಡಲು ಪಡುತ್ತಿದ್ದ ಶ್ರಮ ಪಾತ್ರಕ್ಕೇ ಸೇರಿತು.

ಆಕ್ಷೇಪ, ಸಮಾಧಾನ

ಮೊದಲ ಆಕ್ಷೇಪ: ನೀವು ಅಭಿನಯ ಎನ್ನುವುದು ಬರೀ ಚಾಳಿ. ಕೊಲಂಬೊ ಬಾಗಿಲವರೆಗೆ ಹೋಗಿ ತಿರುಗಿ ನಿಂತು 'ಇನ್ನೊಂದೇ ಒಂದು ವಿಷಯ' ಎನ್ನುವುದು, 1985ರ ಧಾರಾವಾಹಿಯ ಪತ್ತೇದಾರ ಕರಮ್‌ಚಂದ್ ಕ್ಯಾರೆಟ್ ಕಡಿಯುವುದು, ಇವು ಬರಹಗಾರ ಅಂಟಿಸಿದ ಗುರುತುಗಳು, ಯಾರು ಬೇಕಾದರೂ ಮಾಡಬಹುದು.

ಗುರುತು ಬರಹಗಾರರದ್ದೇ ಇರಬಹುದು. ತಿರುಗಿ ಬಂದು ಕೇಳುವ ಆ ಪ್ರಶ್ನೆ ಲೆವಿನ್ಸನ್ ಮತ್ತು ಲಿಂಕ್ ಬರೆದ ನಾಟಕದ ಕಾಲದಿಂದಲೇ ಇತ್ತು. ಆದರೆ ಫಾಕ್ ಅದನ್ನು ಏನು ಮಾಡಿದರೆಂದು ನೋಡಬೇಕು. ಹೊರಟವನ ಬೆನ್ನು ಕಂಡಾಗ ಕೊಲೆಗಾರನ ಮುಖ ಸಡಿಲವಾಗುತ್ತದೆ, ಆ ಸಡಿಲದ ಕ್ಷಣಕ್ಕೇ ಕಾದು ಅವನು ತಿರುಗುತ್ತಾನೆ. ಅಂದರೆ ಚಾಳಿಯಂತೆ ಕಾಣುವುದು ಬಲೆ. ಚಿತ್ರೀಕರಣದಲ್ಲಿ ಸ್ಕ್ರಿಪ್ಟಿನಲ್ಲಿಲ್ಲದ ಮಾತು ಸೇರಿಸಿ, ಜೇಬು ತಡಕಿ, ಎದುರಿನ ನಟರನ್ನು ನಿಜವಾಗಿಯೂ ಕಸಿವಿಸಿಗೊಳಿಸುವುದು ಫಾಕ್ ಅವರ ರೂಢಿಯಾಗಿತ್ತು. ಮೂರನೆಯ ವಯಸ್ಸಿನಲ್ಲಿ ಗೆಡ್ಡೆಯಿಂದಾಗಿ ಬಲಗಣ್ಣು ಕಳೆದುಕೊಂಡು ಗಾಜಿನ ಕಣ್ಣು ಹಾಕಿಸಿಕೊಂಡಿದ್ದ ಮನುಷ್ಯ ಅವರು. ಒಂದು ಕಣ್ಣು ಎತ್ತಲೋ, ಇನ್ನೊಂದು ನಿಮ್ಮ ಮೇಲೆ. ನೋಡುತ್ತಿದ್ದಾನೋ ಇಲ್ಲವೋ ಎಂದು ಎದುರಿಗಿದ್ದವನಿಗೆ ತಿಳಿಯುವುದಿಲ್ಲ. ಆ ಮಳೆಕೋಟು ಕೂಡ ಅವರ ಸ್ವಂತದ್ದು. ಕರಮ್‌ಚಂದ್ ಆಗಿದ್ದ ಪಂಕಜ್ ಕಪೂರ್ ಅವರ ಕ್ಯಾರೆಟ್ಟಿಗೂ ಕೆಲಸವಿತ್ತು: ಬಾಯಿ ತುಂಬಿದ್ದಾಗ ಉತ್ತರ ಕೊಡಬೇಕಾಗಿಲ್ಲ, ಕಣ್ಣು ಮಾತ್ರ ಎದುರಿನವನ ಮೇಲಿರುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಬಲವಾದದ್ದು. 'ಲಾ ಆ್ಯಂಡ್ ಆರ್ಡರ್' 1990ರಿಂದ 2010ರವರೆಗೆ 20 ಸೀಸನ್ ಓಡಿತು, 2022ರಲ್ಲಿ ಮತ್ತೆ ಬಂತು. ಈ ನಡುವೆ ಪೊಲೀಸರು ಬದಲಾದರು, ವಕೀಲರು ಬದಲಾದರು, ಧಾರಾವಾಹಿ ಬದುಕಿತು. 2002ರಿಂದ 2008ರವರೆಗೆ ಬಂದ ಡೇವಿಡ್ ಸೈಮನ್ ಅವರ 'ದಿ ವೈರ್'ನಲ್ಲಿ ಒಬ್ಬ ನಾಯಕನೇ ಇಲ್ಲ, ಬಾಲ್ಟಿಮೋರ್ ನಗರವೇ ನಾಯಕ. ಹಾಗಿರುವಾಗ ನಟ ಅನಿವಾರ್ಯ ಎನ್ನುವುದು ಹೇಗೆ?

'ಲಾ ಆ್ಯಂಡ್ ಆರ್ಡರ್' ವಿಷಯದಲ್ಲಿ ಒಂದು ಭಾಗವನ್ನು ಒಪ್ಪುತ್ತೇನೆ. ಅರ್ಧ ತನಿಖೆ, ಅರ್ಧ ಕೋರ್ಟು ಎಂಬ ಅದರ ಚೌಕಟ್ಟು ನಿಜಕ್ಕೂ ಗಟ್ಟಿ, ಹೊಸ ನಟ ಬಂದರೂ ಕುಸಿಯುವುದಿಲ್ಲ. ಆದರೆ ಕುಸಿಯದಿರುವುದು ಬೇರೆ, ಅರಳುವುದು ಬೇರೆ. ಅದರ ಅಭಿಮಾನಿಗಳು ಕಾಲವನ್ನು ಲೆಕ್ಕ ಹಾಕುವುದು ನಟರಿಂದ, ಮತ್ತು ಅವರಲ್ಲಿ ಬಹಳ ಮಂದಿಗೆ ಸುವರ್ಣಕಾಲವೆಂದರೆ ಜೆರಿ ಆರ್ಬಾಕ್ ಅವರ ಲೆನಿ ಬ್ರಿಸ್ಕೊ ಇದ್ದ ಕಾಲ, 1992ರಿಂದ 2004. ಬ್ರಾಡ್‌ವೇಯ ಸಂಗೀತ ನಾಟಕಗಳಲ್ಲಿ ಹಾಡಿ ಕುಣಿದ ಕಲಾವಿದ, ಇಲ್ಲಿ ಕುಡಿತ ಬಿಟ್ಟ, ಸಂಸಾರ ಕೆಡಿಸಿಕೊಂಡ, ದಣಿದ ಪೊಲೀಸಿನವ. ಹೆಣದ ಪಕ್ಕ ನಿಂತು ಒಂದು ಒಣ ಮಾತು ಹೇಳಿ ನಡೆಯುತ್ತಾನೆ. ಆ ಮಾತು ಮರಗಟ್ಟಿದ ಮನಸ್ಸಿನದ್ದಲ್ಲ, ಮರಗಟ್ಟದಂತೆ ಕಾಯ್ದುಕೊಳ್ಳುತ್ತಿರುವ ಮನಸ್ಸಿನದ್ದು. ಕಥೆಯಲ್ಲಿ ಅವನ ಸ್ವಂತ ಮಗಳ ಕೊಲೆಯಾದ ಮೇಲೆ, ಸತ್ತ ಮಕ್ಕಳ ತಂದೆತಾಯಿಯ ಎದುರು ಅವನು ನಿಲ್ಲುವ ರೀತಿಯನ್ನು ನೋಡಿ. ಯಾವ ಕಂತಿನ ಒಗಟೂ ಅದನ್ನು ಬರೆದುಕೊಡಲಾರದು.

'ದಿ ವೈರ್' ನನ್ನ ಪಕ್ಷಕ್ಕೇ ಸಾಕ್ಷಿ ಎನ್ನುತ್ತೇನೆ. ಮೊದಲ ಸೀಸನ್ನಿನ ನಾಲ್ಕನೆಯ ಕಂತಿನಲ್ಲಿ ಇಬ್ಬರು ತನಿಖಾಧಿಕಾರಿಗಳು, ಡೊಮಿನಿಕ್ ವೆಸ್ಟ್ ಮತ್ತು ವೆಂಡೆಲ್ ಪಿಯರ್ಸ್, ಹಳೆಯ ಕೊಲೆ ನಡೆದ ಅಡುಗೆಮನೆಯನ್ನು ಮತ್ತೆ ಪರಿಶೀಲಿಸುತ್ತಾರೆ. ಕೆಲವು ನಿಮಿಷಗಳ ಆ ದೃಶ್ಯದಲ್ಲಿ ಅವರ ಬಾಯಿಂದ ಬರುವುದು ಒಂದೇ ಬೈಗುಳ ಮತ್ತು ಅದರ ರೂಪಾಂತರಗಳು. ಅಳತೆ ಪಟ್ಟಿ, ಫೋಟೊ, ಕಿಟಕಿ, ಫ್ರಿಜ್ಜಿನ ಬಾಗಿಲಲ್ಲಿ ಹೂತ ಗುಂಡು, ಹೊರಗೆ ನೆಲದಲ್ಲಿ ಸಿಕ್ಕ ತೋಟಾ. ಆ ಒಂದೇ ಪದ ಒಮ್ಮೆ ಬೇಸರ, ಒಮ್ಮೆ ಗುಮಾನಿ, ಒಮ್ಮೆ ಅರಿವು, ಒಮ್ಮೆ ಸತ್ತವಳ ಬಗ್ಗೆ ಮರುಕವಾಗುತ್ತದೆ. ಪೂರ್ತಿ ತರ್ಕಸರಣಿ ದನಿಯ ಏರಿಳಿತದಲ್ಲೇ ನಮಗೆ ತಲುಪುತ್ತದೆ. ನಗರ ನಾಯಕ ಎಂಬುದು ನಿಜ, ಆದರೆ ಆ ನಗರಕ್ಕೆ ಮುಖ ಕೊಟ್ಟವರು ಹತ್ತಾರು ನಟರು. ಒಬ್ಬನ ಭಾರವನ್ನು ಅನೇಕರು ಹೊತ್ತರು, ಭಾರ ಕಡಿಮೆಯಾಗಲಿಲ್ಲ.

ಮೂರನೆಯದು ನೀತಿಯ ಆಕ್ಷೇಪ: ಸಾವನ್ನು ರಂಜನೆ ಮಾಡುವುದೇ ತಪ್ಪು, ಈ ಧಾರಾವಾಹಿಗಳು ಪೊಲೀಸರನ್ನು ತಪ್ಪು ಮಾಡದ ದೇವರಂತೆ ತೋರಿಸುತ್ತವೆ, ಹಿಂಸೆಗೆ ಒಗ್ಗಿಸುತ್ತವೆ.

ಇದನ್ನು ಹಗುರವಾಗಿ ತೆಗೆದುಕೊಳ್ಳಲಾರೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವೆಂದು ಬಳಸಲಾಗದು ಎಂದು 1872ರ ಸಾಕ್ಷ್ಯ ಕಾಯ್ದೆಯ 25ನೆಯ ಕಲಂ ಹೇಳಿತ್ತು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ. ಹೊಡೆದು ಬಾಯಿ ಬಿಡಿಸುವ ಚಾಳಿ ಇದೆಯೆಂದೇ ಆ ಕಲಂ ಇದೆ. ಹೀಗಿರುವಾಗ 1998ರಲ್ಲಿ ಆರಂಭವಾದ 'ಸಿಐಡಿ'ಯಲ್ಲಿ ಕಂತು ಮುಗಿಯುವ ಹೊತ್ತಿಗೆ ಕೆನ್ನೆಗೆ ಒಂದು ಏಟು ಬಿದ್ದು ಆರೋಪಿ ಎಲ್ಲವನ್ನೂ ಒದರಿಬಿಡುವುದು ನನಗೆ ಎಂದೂ ಹಿಡಿಸಲಿಲ್ಲ. ಶಿವಾಜಿ ಸಾಟಮ್, ಆದಿತ್ಯ ಶ್ರೀವಾಸ್ತವ, ನಮ್ಮ ಕರಾವಳಿ ಮೂಲದ ದಯಾನಂದ ಶೆಟ್ಟಿ ಮೂವರನ್ನೂ ಮನಸಾರೆ ಮೆಚ್ಚುತ್ತೇನೆ. ಇಪ್ಪತ್ತು ವರ್ಷ ಆ ಧಾರಾವಾಹಿಯನ್ನು ಹೊತ್ತದ್ದು ಅವರ ಒಡನಾಟವೇ ಹೊರತು ಅದರ ಒಗಟುಗಳಲ್ಲ. ಆದರೆ ಶೆಟ್ಟರ ಗಟ್ಟಿ ಮೈಕಟ್ಟನ್ನು ಬಾಗಿಲು ಒಡೆಯಲು ಬಳಸಿದಷ್ಟು ಅವರ ಮೌನವನ್ನು ಬಳಸಲಿಲ್ಲ ಎಂಬ ಕೊರಗು ನನಗಿದೆ. ಏಟು ಬಿದ್ದ ಕೂಡಲೆ ಮರೆ ಹರಿದುಹೋಗುತ್ತದೆ. ನೀತಿಗೆ ಆಗುವ ಹಾನಿ, ರಸಕ್ಕೆ ಆಗುವ ಹಾನಿ, ಎರಡೂ ಒಂದೇ ಕಡೆ ಆಗುತ್ತವೆ.

ಆದರೆ ಈ ದೋಷ ಇಡೀ ಪ್ರಕಾರದ್ದಲ್ಲ. ಕೊಲಂಬೊ ಪಿಸ್ತೂಲು ಹಿಡಿದು ತಿರುಗುವವನಲ್ಲ. 1975ರ 'ಫರ್ಗಾಟನ್ ಲೇಡಿ' ಕಂತಿನಲ್ಲಿ ಗಂಡನನ್ನು ಕೊಂದ ಹಳೆಯ ಚಿತ್ರತಾರೆಯಾಗಿ ಜ್ಯಾನೆಟ್ ಲೀ ಇದ್ದಾರೆ. ಗುಣವಾಗದ ಮಿದುಳಿನ ಕಾಯಿಲೆಯಿಂದ ಅವಳಿಗೆ ತಾನು ಕೊಂದದ್ದೇ ಮರೆತುಹೋಗಿದೆ. ಅವಳನ್ನು ಪ್ರೀತಿಸುವ ಹಳೆಯ ಸಹನಟ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುತ್ತಾನೆ. ಆ ಸುಳ್ಳು ಹೆಚ್ಚು ದಿನ ನಿಲ್ಲದೆಂದು ಕೊಲಂಬೊಗೆ ಗೊತ್ತು, ಅವಳಿಗೆ ಉಳಿದಿರುವ ಅಷ್ಟು ದಿನಕ್ಕೆ ಅದು ಸಾಕೆಂದೂ ಗೊತ್ತು. ಮುಚ್ಚಿಡಲು ನೆನಪೇ ಇಲ್ಲದ ಕೊಲೆಗಾರ್ತಿಯ ಎದುರು, ಈ ಸಲ ಮರೆ ಹಿಡಿಯುವವನು ಪತ್ತೇದಾರ ಮಾತ್ರ, ಅದೂ ಕರುಣೆಯಿಂದ. ಇದು ಹಿಂಸೆಗೆ ಒಗ್ಗಿಸುವ ಕಲೆಯೆಂದು ನಾನು ಒಪ್ಪಲಾರೆ.

ಬ್ರಿಟನ್ನಿನ 'ಪ್ರೈಮ್ ಸಸ್ಪೆಕ್ಟ್' ಇನ್ನೂ ಮುಂದೆ ಹೋಗುತ್ತದೆ. ಲಿಂಡಾ ಲಾ ಪ್ಲಾಂಟ್ ಬರೆದ, 1991ರಲ್ಲಿ ಬಂದ ಮೊದಲ ಸರಣಿಯಲ್ಲಿ ಹಿರಿಯ ಅಧಿಕಾರಿ ಹೃದಯಾಘಾತದಿಂದ ಸತ್ತಾಗ ಜೇನ್ ಟೆನಿಸನ್ ಹಟ ಹಿಡಿದು ಪ್ರಕರಣ ಕೇಳಿ ಪಡೆಯುತ್ತಾಳೆ. ಅವಳು ಕಂಡುಹಿಡಿಯುವ ಮೊದಲ ಸಂಗತಿ ಏನು ಗೊತ್ತೆ? ಸತ್ತವಳ ಹೆಸರನ್ನೇ ತನಿಖೆ ತಪ್ಪಾಗಿ ಗುರುತಿಸಿದೆ ಎಂಬುದು. ಸತ್ತ ಹೆಣ್ಣಿಗೆ ಅವಳ ಹೆಸರನ್ನು ಮರಳಿಸುವುದರಿಂದ ಆರಂಭವಾಗುವ ಧಾರಾವಾಹಿಯನ್ನು ಸಾವಿನ ರಂಜನೆ ಎನ್ನುವುದು ಅನ್ಯಾಯ. ಟೆನಿಸನ್ ಆಗಿರುವ ಹೆಲನ್ ಮಿರನ್ ಅವರ ಅಭಿನಯದಲ್ಲಿ ಮರೆಗಳು ಎರಡು. ಶಂಕಿತನಿಂದ ಮುಚ್ಚಿಡಬೇಕಾದದ್ದು ಒಂದು. ತನ್ನ ಕೈಕೆಳಗಿನ ಗಂಡಸರಿಂದ ಮುಚ್ಚಿಡಬೇಕಾದದ್ದು ಇನ್ನೊಂದು: ದಣಿವು, ಅಳುಕು, ಒಡೆಯುತ್ತಿರುವ ಸಂಸಾರ. ಗಂಡು ಅಧಿಕಾರಿ ಸಿಟ್ಟಾದರೆ ಅದು ಗತ್ತು, ಅವಳು ಸಿಟ್ಟಾದರೆ ಅದು ದೌರ್ಬಲ್ಯ ಎಂದು ಅವಳಿಗೆ ಗೊತ್ತು, ಹಾಗಾಗಿ ಮಿರನ್ ದವಡೆ ಬಿಗಿದು ಸಿಗರೇಟು ಹಚ್ಚುತ್ತಾರೆ. ಅವಳನ್ನು ಕಾಡಿದ ಸಾರ್ಜೆಂಟ್ ಆಟ್ಲಿಯಾಗಿ ಟಾಮ್ ಬೆಲ್ ಇದ್ದರು. 2006ರ ಕೊನೆಯ ಸರಣಿಯಲ್ಲಿ ಇಬ್ಬರೂ ಕುಡಿತ ಬಿಡಲೆಂದು ಸೇರುವ ಸಭೆಯಲ್ಲಿ ಎದುರಾಗುತ್ತಾರೆ, ಅವನು ಕ್ಷಮೆ ಕೇಳುತ್ತಾನೆ. ಪ್ರಸಾರಕ್ಕೆ ಕೆಲವೇ ದಿನ ಮುಂಚೆ ಬೆಲ್ ತೀರಿಕೊಂಡಿದ್ದರು. ಹದಿನೈದು ವರ್ಷದ ಹಗೆ ಕರಗುವುದನ್ನು ಅದೇ ಎರಡು ಮುಖಗಳಲ್ಲಿ, ಹದಿನೈದು ವರ್ಷ ಸವೆದ ಮುಖಗಳಲ್ಲಿ ನೋಡುವ ಭಾಗ್ಯ ಈ ಪ್ರಕಾರವಲ್ಲದೆ ಬೇರಾವುದು ಕೊಟ್ಟೀತು?

ನಾಲ್ಕನೆಯ ಆಕ್ಷೇಪವನ್ನು ಬೇಗ ಮುಗಿಸಬಹುದು. ಕೊಲಂಬೊ ಒಡ್ಡುವ ಬಲೆಗಳಿಂದ ಸಿಕ್ಕ ಸಾಕ್ಷ್ಯ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎನ್ನುತ್ತಾರೆ. ಹಲವು ಕಂತುಗಳಲ್ಲಿ ಅದು ಸರಿಯೇ. ಆದರೆ ಕೊಲೆಗಾರನ ಮುಖದ ಮರೆ ಬಿದ್ದಲ್ಲಿಗೆ ಆ ಧಾರಾವಾಹಿ ತಾನು ಹೊತ್ತ ಕೆಲಸ ಮುಗಿಸುತ್ತದೆ. ತೀರ್ಪಿನ ಕಥೆ ಬೇಕಾದವರಿಗೆ 'ಲಾ ಆ್ಯಂಡ್ ಆರ್ಡರ್'ನ ಉತ್ತರಾರ್ಧವಿದೆ.

ಕೊನೆಯ ಆಕ್ಷೇಪ: ಫಾಕ್ ಮೊದಲ ಕೊಲಂಬೊ ಅಲ್ಲವೇ ಅಲ್ಲ. 1960ರಲ್ಲಿ ಟೆಲಿವಿಷನ್ನಿನಲ್ಲಿ ಬರ್ಟ್ ಫ್ರೀಡ್ ಆ ಪಾತ್ರ ಮಾಡಿದ್ದರು, 1962ರಲ್ಲಿ ರಂಗದ ಮೇಲೆ ಥಾಮಸ್ ಮಿಚೆಲ್ ಮಾಡಿದ್ದರು. ಆಮೇಲೆ ಬಿಂಗ್ ಕ್ರಾಸ್ಬಿಯನ್ನು ಕೇಳಿ, ಅವರು ಒಲ್ಲೆನೆಂದ ಮೇಲೆ ಫಾಕ್‌ಗೆ ಬಂತು. ಮೂರು ಮೈ ಬದಲಾಯಿಸಿದ ಪಾತ್ರ ನಾಲ್ಕನೆಯದಕ್ಕೂ ಹೋಗಬಹುದು. ಹಾಗಿದ್ದರೆ ನಟ ಅನಿವಾರ್ಯನಲ್ಲ.

ಇಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದೆ, ಅದನ್ನು ಬಿಡಿಸಬೇಕು. ಒಬ್ಬನೇ ನಟ ಒಂದು ಪಾತ್ರಕ್ಕೆ ವಿಧಿಲಿಖಿತ ಎಂದು ನಾನು ಹೇಳುತ್ತಿಲ್ಲ. ಪಾತ್ರ ಯಾರ ಪಾಲಿಗೆ ಬಂದರೂ ಮರೆಯ ಅಭಿನಯವನ್ನು ಆ ನಟ ತನ್ನ ಮೈಯಿಂದಲೇ ಹೊಸದಾಗಿ ನೇಯಬೇಕು, ಹಿಂದಿನವನ ಕೋಟನ್ನು ಎರವಲು ತಂದರೆ ಆಗದು ಎನ್ನುತ್ತಿದ್ದೇನೆ. ಫ್ರೀಡ್, ಮಿಚೆಲ್ ಇದ್ದಾಗಲೂ ಕಥೆ ಅದೇ ಇತ್ತು, ಒಗಟಿಲ್ಲದ ಕಟ್ಟಡ ಅದೇ ಇತ್ತು. ಜಗತ್ತು ಕೊಲಂಬೊನನ್ನು ಕಂಡದ್ದು ಮೂರನೆಯವನಲ್ಲಿ. 2023ರಲ್ಲಿ ರಯಾನ್ ಜಾನ್ಸನ್ 'ಪೋಕರ್ ಫೇಸ್' ಮಾಡಿದಾಗ ಕೊಲಂಬೊನ ಕಟ್ಟಡವನ್ನು ಹಾಗೇ ತೆಗೆದುಕೊಂಡರು, ಪಾತ್ರವನ್ನು ಮುಟ್ಟಲಿಲ್ಲ. ಮೊದಲು ಕೊಲೆ ಕಾಣುತ್ತದೆ, ಆಮೇಲೆ ನತಾಶಾ ಲಿಯೋನ್ ಅವರ ಚಾರ್ಲಿ ಬರುತ್ತಾಳೆ. ಇವಳ ಕಷ್ಟ ತಲೆಕೆಳಗು. ಯಾರು ಸುಳ್ಳು ಹೇಳಿದರೂ ಚಾರ್ಲಿಗೆ ಕೂಡಲೆ ತಿಳಿಯುತ್ತದೆ, ಆದರೆ ತಿಳಿದದ್ದನ್ನು ಬಚ್ಚಿಡಲು ಅವಳಿಗೆ ಬರುವುದಿಲ್ಲ. ಸುಳ್ಳು ಕಿವಿಗೆ ಬಿದ್ದೊಡನೆ ಬೈಗುಳ ಬಾಯಿಂದ ತಾನಾಗಿ ಜಾರುತ್ತದೆ. ಲಿಯೋನ್ ಅವರ ಒರಟು ಗಂಟಲು, ದೊಡ್ಡ ಕಣ್ಣು, ನಿಲ್ಲದ ಕೈಗಳು ಎಲ್ಲವೂ ಆ ಸೋಲಿಗೆ ಹೇಳಿ ಮಾಡಿಸಿದಂತಿವೆ. ಫಾಕ್ ಅವರ ಒಂದು ಚಹರೆಯನ್ನೂ ಅವರು ಅನುಕರಿಸುವುದಿಲ್ಲ. ಕೊಲಂಬೊಗೆ ಮತ್ತೆ ಜೀವ ಕೊಡಬೇಕೆಂದು ಯಾರಾದರೂ ಹೊರಟರೆ, ಕಥೆಗಾರರನ್ನು ಗೊತ್ತುಮಾಡುವ ಮೊದಲು ಇಂಥ ಒಬ್ಬ ನಟನನ್ನೋ ನಟಿಯನ್ನೋ ಹುಡುಕಲಿ ಎಂದೇ ನನ್ನ ಕೋರಿಕೆ.